ನಮ್ಮ ಹಳ್ಳಕ್ಕ ಬಂದೀತು ಜೋಕೆ! – ಕ್ರೇಫಿಶ್ ಎಂಬ ಪರದೇಶಿ ಪ್ರಾಣಿಯ ಪರಿಚಯ



ಈ ಸಲದ ಗೋಡೆ ಪತ್ರಿಕೆಯ ವಿಜ್ಞಾನ ಪುಟಕ್ಕೆ ನಾನು ಬೇರೆ ವಿಷಯ ಬರೆಯಬೇಕೆಂದಿದ್ದೆ. ಆದರೆ ಹೋದ ತಿಂಗಳು ಏಳನೇ ತರಗತಿಯ ಒಬ್ಬ ಹುಡುಗ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಡಬ್ಬಿಯಲ್ಲಿ ಅರ್ಧ ನೀರು, ನೀರಿನಲ್ಲಿ ಬೆರಳುದ್ದದ ಒಂದು ನೀಲಿ ಪ್ರಾಣಿ. ಮುಂದೆ ಎರಡು ದಪ್ಪ ಕೊಂಡಿ, ಹಿಂದೆ ಬೀಸಣಿಗೆಯಂಥ ಬಾಲ.

"ಸರ್, ಇದು ಖೇಕಡಾ ಅದಾ ಏನು ಝಿಂಗಾ ಅದಾ?" ಎಂದು ಕೇಳಿದ.

"ಎಲ್ಲಿ ಸಿಕ್ತೋ?" ಎಂದೆ.

"ನಮ್ಮ ಮಾಮಾ ಕಲಬುರಗಿಯಾಗ ಬಣ್ಣದ ಮೀನ ಮಾರೋ ಅಂಗಡಿಯಿಂದ ತಂದಾನ್ರಿ. ಡಬ್ಬ್ಯಾಗಿನ ಎರಡು ಮೀನ ತಿಂದುಬಿಟ್ಟದ. ನಮ್ಮ ಆಯಿ ಅಂತಾಳ, ಹಳ್ಳಕ್ಕ ಒಯ್ದು ಬಿಟ್ಟು ಬಾ, ಪಾಪ, ಜೀವ ಅದ, ಬದುಕೊಂಡು ಹೋಗಲಿ ಅಂತ."

ಆಯಿಯ ಮಾತು ದಯೆಯ ಮಾತು. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೂ "ಹಳ್ಳಕ್ಕ ಮಾತ್ರ ಬಿಡಬ್ಯಾಡಪಾ" ಎಂದು ಡಬ್ಬಿ ಇಸಿದುಕೊಂಡೆ. ಯಾಕೆ ಬಿಡಬಾರದು ಎಂದು ಅವನಿಗೆ ಹೇಳಿದ್ದನ್ನೇ ನಿಮಗೆಲ್ಲ ತಿಳಿಯಲೆಂದು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಹೆಸರಿಲ್ಲದ ಪ್ರಾಣಿ

ಈ ಪ್ರಾಣಿಯ ಹೆಸರು ಕ್ರೇಫಿಶ್. 'ಫಿಶ್' ಅಂದರೂ ಇದು ಮೀನಲ್ಲ. ಬೆನ್ನೆಲುಬು ಇಲ್ಲ, ಮೈಮೇಲೆ ಗಟ್ಟಿ ಚಿಪ್ಪು ಇದೆ. ಏಡಿ, ಸಿಗಡಿಗಳ ಬಳಗಕ್ಕೇ ಸೇರಿದ್ದು. ಕೊಂಡಿಯನ್ನೂ ಸೇರಿಸಿ ಎಣಿಸಿದರೆ ಹತ್ತು ಕಾಲು, ಅದಕ್ಕೇ ಈ ಬಳಗಕ್ಕೆ ದಶಪಾದಿಗಳು ಎಂದು ಹೆಸರು.

ಏಡಿಗೆ ನಮ್ಮಲ್ಲಿ ಹೆಸರಿದೆ, ಸಿಗಡಿಗೆ ಹೆಸರಿದೆ, ಮೀನುಗಳಿಗಂತೂ ಊರಿಗೊಂದು ಹೆಸರು. ಆದರೆ ಕ್ರೇಫಿಶ್‌ಗೆ ಕನ್ನಡದಾಗ ಹೆಸರೇ ಇಲ್ಲ. ಯಾಕೆ? ನಮ್ಮ ಹಿರಿಯರು ಅದನ್ನು ನೋಡಿದವರಲ್ಲ. ಭಾರತದ ಯಾವ ಹೊಳೆಯಲ್ಲೂ ಹುಟ್ಟಿ ಬೆಳೆದ ಮೂಲದ ಕ್ರೇಫಿಶ್ ಇಲ್ಲ. ಆಫ್ರಿಕಾ ಖಂಡದ ಮುಖ್ಯ ಭೂಭಾಗದಲ್ಲೂ ಇಲ್ಲ. ಅಮೆರಿಕಾ, ಯುರೋಪ್, ಪೂರ್ವ ಏಷ್ಯಾದ ಕೆಲವು ಭಾಗ, ಆಸ್ಟ್ರೇಲಿಯಾ, ನ್ಯೂಗಿನಿ, ಮಡಗಾಸ್ಕರ್ ಮೊದಲಾದವು ಇದರ ತವರು.

ಆದ್ದರಿಂದ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ನಮ್ಮ ಹಳ್ಳದಲ್ಲಿ, ಕೆರೆಯಲ್ಲಿ, ಬಾವಿಯಲ್ಲಿ ಎಂದಾದರೂ ಕ್ರೇಫಿಶ್ ಕಂಡರೆ ಅದು ತಾನಾಗಿ ಬಂದದ್ದಲ್ಲ. ಯಾರೋ ತಂದು ಬಿಟ್ಟದ್ದು.

ಗುರುತು ಹಿಡಿಯುವುದು ಹೇಗೆ?

ಡಬ್ಬಿಯ ಪ್ರಾಣಿಯನ್ನು ತರಗತಿಗೆ ಒಯ್ದು ಮೇಜಿನ ಮೇಲಿಟ್ಟೆ. "ಏಡಿ" ಅಂದವರು ಹನ್ನೊಂದು ಮಂದಿ, "ಸಿಗಡಿ" ಅಂದವರು ಒಂಬತ್ತು, "ಚೇಳು" ಅಂದವರು ಇಬ್ಬರು! ಮೂರನ್ನೂ ಹೋಲಿಸಿ ನೋಡೋಣ.

ಏಡಿ: ಮೈ ಅಗಲ, ರೊಟ್ಟಿಯ ಹಾಗೆ ಚಪ್ಪಟೆ. ಮೇಲಿನಿಂದ ನೋಡಿದರೆ ಬಾಲವೇ ಕಾಣದು. ಬಾಲ ಇಲ್ಲವೆಂದಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುತ್ತದೆ. ಆ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಅಡ್ಡಡ್ಡ ನಡೆಯುತ್ತದೆ. ದಖ್ಖನದ ಹಳ್ಳ, ಹೊಲದ ಬದುಗಳಲ್ಲಿ ಬಿಲ ತೋಡಿ ಇರುವ ದೊಡ್ಡ ಏಡಿಗಳನ್ನು ಶಾಸ್ತ್ರಜ್ಞರು ಬ್ಯಾರಿಟೆಲ್ಫೂಸಾ ಎಂಬ ಕುಲಕ್ಕೆ ಸೇರಿಸುತ್ತಾರೆ. ಇವು ನಮ್ಮ ನೆಲದವೇ.

ಸಿಗಡಿ: ಮೈ ಎರಡೂ ಬದಿಯಿಂದ ಅದುಮಿದ ಹಾಗೆ, ಬೆನ್ನು ಬಾಗಿದ ಹಾಗೆ. ಚಿಪ್ಪು ತೆಳ್ಳಗೆ, ಎಷ್ಟೋ ಸಲ ಒಳಗಿನದು ಕಾಣುವಷ್ಟು ತಿಳಿ. ಹಣೆಯಿಂದ ಮುಂದಕ್ಕೆ ಗರಗಸದಂಥ ಹಲ್ಲಿನ ಕೊಂಬು ಚಾಚಿರುತ್ತದೆ. ನೀರಿನಲ್ಲಿ ಈಸುತ್ತದೆ.

ಕ್ರೇಫಿಶ್: ಮೈ ಉರುಟು, ಚಿಪ್ಪು ದಪ್ಪ. ಬಾಲ ಹಿಂದಕ್ಕೆ ಚಾಚಿರುತ್ತದೆ, ತುದಿಯಲ್ಲಿ ಐದು ಎಸಳಿನ ಬೀಸಣಿಗೆ. ಈಸುವುದು ಕಡಿಮೆ, ನೆಲದ ಮೇಲೆ ನಡೆಯುವುದೇ ಹೆಚ್ಚು. ಹೆದರಿದರೆ ಬಾಲವನ್ನು ಫಟ್ಟನೆ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಪೆನ್ಸಿಲು ತೋರಿಸಿದ ಕೂಡಲೇ ನಮ್ಮ ಡಬ್ಬಿಯ ಪ್ರಾಣಿ ಹೀಗೆ ಹಿಂದಕ್ಕೆ ಹಾರಿದ್ದನ್ನು ನೀವೆಲ್ಲ ನೋಡಿದಿರಿ.

ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಸ್ಕಾಂಪಿ ಎಂದು ಕರೆಯುವ ದೊಡ್ಡ ಸಿಹಿನೀರು ಸಿಗಡಿಗೆ ಉದ್ದುದ್ದ ನೀಲಿ ಕೊಂಡಿ ಇರುತ್ತವೆ. ಅದು ನಮ್ಮ ದೇಶದ್ದೇ. ಕೆಲವು ಜಲಾಶಯಗಳಲ್ಲಿ ಅದರ ಮರಿ ಬಿಟ್ಟು ಸಾಕುತ್ತಾರೆ. ಅದನ್ನು ಕ್ರೇಫಿಶ್ ಎಂದು ತಿಳಿಯಬಾರದು. ಬೇರ್ಪಡಿಸಲು ಎರಡು ಗುರುತು:

1. ಕೊಂಡಿ ಎಣಿಸಿರಿ. ಕ್ರೇಫಿಶ್‌ನ ದೊಡ್ಡ ಕೊಂಡಿ ಮೊದಲನೇ ಜೊತೆ ಕಾಲಿನದು. ಅದರ ಹಿಂದಿನ ಎರಡು ಜೊತೆ ಕಾಲಿನ ತುದಿಗೂ ಚಿಮಟಿಗೆಯಂಥ ಸಣ್ಣ ಕೊಂಡಿ ಇರುತ್ತವೆ, ಒಟ್ಟು ಮೂರು ಜೊತೆ. ಸ್ಕಾಂಪಿಗೆ ಎರಡೇ ಜೊತೆ, ಅದರಲ್ಲಿ ಉದ್ದನೆಯದು ಎರಡನೇ ಜೊತೆ.

2. ಹೊಟ್ಟೆಯ ಪಟ್ಟಿ ನೋಡಿರಿ. ಕ್ರೇಫಿಶ್‌ನ ಪಟ್ಟಿಗಳು ಮನೆಯ ಹಂಚಿನ ಹಾಗೆ ಒಂದರ ಹಿಂದೆ ಒಂದು ಸಾಲಾಗಿರುತ್ತವೆ. ಸ್ಕಾಂಪಿಯಲ್ಲಿ ಎರಡನೇ ಪಟ್ಟಿಯ ಬದಿ ಅಗಲವಾಗಿ, ಮುಂದಿನದನ್ನೂ ಹಿಂದಿನದನ್ನೂ ಎರಡನ್ನೂ ಮುಚ್ಚಿರುತ್ತದೆ.

ಬಣ್ಣ ನೋಡಿ ಮಾತ್ರ ಯಾವುದನ್ನೂ ನಿರ್ಧರಿಸಬೇಡಿ. ಅಂಗಡಿಯವರು ಮಾರುವ ಕ್ರೇಫಿಶ್ ಕೆಂಪು, ನೀಲಿ, ಬಿಳಿ, ಕಿತ್ತಳೆ, ಹೀಗೆ ನಾನಾ ಬಣ್ಣದಲ್ಲಿ ಇರುತ್ತವೆ. ಒಂದೇ ಜಾತಿಯಲ್ಲೇ ಕೆಂಪೂ ಉಂಟು, ನೀಲಿಯೂ ಉಂಟು.

ಕುಖ್ಯಾತರಾದ ನಾಲ್ವರು

ಕ್ರೇಫಿಶ್‌ಗಳಲ್ಲಿ ನೂರಾರು ಜಾತಿಗಳಿವೆ. ಹೆಚ್ಚಿನವು ತಮ್ಮ ಹೊಳೆಯಲ್ಲಿ ತಾವಿರುವ ಪಾಪದ ಪ್ರಾಣಿಗಳು. ಕೆಲವು ಮಾತ್ರ ಪರ ಊರಿಗೆ ಹೋಗಿ ದಾಳಿಕೋರರಾಗಿವೆ.

ಕೆಂಪು ಜೌಗು ಕ್ರೇಫಿಶ್: ಅಮೆರಿಕಾದ ದಕ್ಷಿಣ ಭಾಗ ಮತ್ತು ಈಶಾನ್ಯ ಮೆಕ್ಸಿಕೋದ್ದು. ಕಡುಗೆಂಪು ಮೈ, ಕೊಂಡಿಯ ಮೇಲೆ ಕೆಂಪು ಗುಳ್ಳೆ ಗುಳ್ಳೆ, ಬಾಲದ ಮೇಲೆ ಕಪ್ಪು ಪಟ್ಟೆ. ಜಗತ್ತಿನಲ್ಲಿ ಅತಿ ಹೆಚ್ಚು ಹಬ್ಬಿದ್ದು ಇದೇ.

ಅಮೃತಶಿಲೆ ಕ್ರೇಫಿಶ್: ಮೈಮೇಲೆ ಅಮೃತಶಿಲೆಯಂಥ ಗೆರೆಮಚ್ಚೆ, ಕೊಂಡಿ ಸಣ್ಣವು. 1990ರ ದಶಕದ ನಡುವೆ ಜರ್ಮನಿಯ ಮೀನಿನ ತೊಟ್ಟಿ ಹವ್ಯಾಸಿಗಳ ನಡುವೆ ಮೊದಲು ಕಂಡಿತು. ಇದರಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಮೊಟ್ಟೆಯಿಟ್ಟು ತನ್ನದೇ ಪಡಿಯಚ್ಚಿನ ಮರಿ ಮಾಡುತ್ತದೆ. ಒಂದೇ ಒಂದು ಪ್ರಾಣಿ ಹೊಳೆ ಸೇರಿದರೂ ಸಂತಾನ ಶುರು! 2018ರಲ್ಲಿ ಶಾಸ್ತ್ರಜ್ಞರು ಇದರ ವಂಶವಾಹಿಗಳನ್ನು ಓದಿ, ಎಲ್ಲವೂ ಒಂದೇ ತಾಯಿಯ ಪಡಿಯಚ್ಚುಗಳೆಂದು ತೋರಿಸಿದರು. ಇಂದು ಇದು ಮಡಗಾಸ್ಕರ್ ದ್ವೀಪದ ಹೊಲಗದ್ದೆಗಳಲ್ಲಿ ತುಂಬಿಕೊಂಡಿದೆ.

ಕೆಂಗೊಂಡಿ ಕ್ರೇಫಿಶ್: ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ನೀಲಿ-ಹಸಿರು ಮೈ, ತಲೆಯ ಮೇಲೆ ನಾಲ್ಕು ಉಬ್ಬುಗೆರೆ. ಬೆಳೆದ ಗಂಡಿನ ಕೊಂಡಿಯ ಹೊರ ಅಂಚಿನಲ್ಲಿ ಕೆಂಪು ಮಚ್ಚೆ. ಬಿಸಿಲುನಾಡಿನ ಪ್ರಾಣಿ, ಬೆಚ್ಚಗಿನ ನೀರು ಇದಕ್ಕೆ ಒಗ್ಗುತ್ತದೆ. ಆಫ್ರಿಕಾದ ಜಾಂಬೆಜಿ ನದಿಯಲ್ಲಿ ಹಬ್ಬಿದೆ.

ಸಿಗ್ನಲ್ ಕ್ರೇಫಿಶ್: ಕೊಂಡಿಯ ಸಂದಿನಲ್ಲಿ ಬಿಳಿ-ತಿಳಿನೀಲಿ ಮಚ್ಚೆ. ತಂಪು ನೀರಿನದು. ಯುರೋಪಿಗೆ ದೊಡ್ಡ ಕಂಟಕವಾಗಿದೆ.

ನಮ್ಮ ಡಬ್ಬಿಯದು ಯಾವ ಜಾತಿ ಎಂದು ನೀವು ಕೇಳಿದಿರಿ. ಇನ್ನೂ ಮರಿ, ಮೇಲಾಗಿ ನೀಲಿ ಬಣ್ಣ ಹಲವು ಜಾತಿಗಳಲ್ಲಿ ಉಂಟು. ಕ್ರೇಫಿಶ್ ಎಂಬುದು ನಿಶ್ಚಯ. ಅಷ್ಟು ತಿಳಿದರೆ ನಮ್ಮ ಕೆಲಸಕ್ಕೆ ಸಾಕು, ಯಾಕೆಂದರೆ ಯಾವ ಜಾತಿಯಾದರೂ ಅದು ನಮ್ಮ ಹಳ್ಳದ್ದಲ್ಲ.

ಹೊರಗಿನದೆಲ್ಲ ಕೆಟ್ಟದ್ದೇ?

ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು: "ಸರ್, ಹೊರಗಿಂದ ಬಂದದ್ದೆಲ್ಲಾ ಕೆಟ್ಟದ್ದಾದ್ರ, ಮೆಣಸಿನಕಾಯಿನೂ ಹೊರಗಿಂದಲ್ಲೇನ್ರಿ?"

ಹೌದು. ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ ಎಲ್ಲ ಅಮೆರಿಕಾ ಖಂಡಗಳಿಂದ ಬಂದವೇ. ಆದರೆ ಅವು ನಾವು ಬಿತ್ತಿದಲ್ಲಿ ಬೆಳೆಯುತ್ತವೆ, ಬಿಟ್ಟಲ್ಲಿ ನಿಲ್ಲುತ್ತವೆ. ಇವು ಪರದೇಶಿ, ದಾಳಿಕೋರ ಅಲ್ಲ. ಕಾಂಗ್ರೆಸ್ ಕಸ ನೋಡಿರಿ. ಅದನ್ನು ಯಾರೂ ಬಿತ್ತಲಿಲ್ಲ. 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದದ್ದು ಇಂದು ನಮ್ಮ ಶಾಲೆಯ ಕಂಪೌಂಡಿನವರೆಗೆ ಬಂದು ನಿಂತಿದೆ. ಬಳ್ಳಾರಿ ಜಾಲಿಯೂ ಹಾಗೇ. ತಾನಾಗಿ ಹಬ್ಬಿ, ಇದ್ದವರನ್ನು ಒತ್ತಿ ಓಡಿಸಿ, ಕಿತ್ತರೂ ಹೋಗದ್ದು ಯಾವುದೋ ಅದು ದಾಳಿಕೋರ ಜೀವಿ. ಹೊಲದ ಕಸವಾದರೆ ಕಣ್ಣಿಗೆ ಕಾಣುತ್ತದೆ, ಕುರಪಿ ಹಿಡಿದು ಕೀಳಬಹುದು. ನೀರಿನ ಒಳಗಿನದು ಕಾಣುವುದೇ ಇಲ್ಲ. ಕಂಡಾಗ ತಡವಾಗಿರುತ್ತದೆ.

ಇದರ ಶಕ್ತಿ ಏನು?

1. ಏನು ಸಿಕ್ಕರೂ ತಿನ್ನುತ್ತದೆ: ಪಾಚಿ, ನೀರುಗಿಡ, ಹುಳ, ಬಸವನಹುಳು, ಮೀನಿನ ತತ್ತಿ, ಕಪ್ಪೆಮರಿ, ಸತ್ತದ್ದು, ಕೊಳೆತದ್ದು.

2. ಹೆಣ್ಣು ನೂರಾರು ತತ್ತಿಗಳನ್ನು ಬಾಲದ ಕೆಳಗೆ ಅಂಟಿಸಿಕೊಂಡು ಕಾಯುತ್ತದೆ. ಮರಿ ಹೊರಬಂದಾಗಲೇ ತಾಯಿಯ ರೂಪ. ಕೆಲದಿನ ತಾಯಿಗೇ ಜೋತು ಬೀಳುತ್ತವೆ. ಸ್ಕಾಂಪಿ ಮರಿಗೆ ಮೊದಲು ಸ್ವಲ್ಪ ಉಪ್ಪಾದ ನೀರು ಬೇಕೇ ಬೇಕು. ಅದಕ್ಕೇ ಸಮುದ್ರದಿಂದ ದೂರವಿರುವ ನಮ್ಮ ಕೆರೆಯಲ್ಲಿ ಅದು ತಾನಾಗಿ ಹೆಚ್ಚದು. ಕ್ರೇಫಿಶ್‌ಗೆ ಆ ಹಂಗಿಲ್ಲ. ಕೆರೆಯಲ್ಲೇ ಹುಟ್ಟಿ, ಕೆರೆಯಲ್ಲೇ ಬೆಳೆದು, ಕೆರೆಯಲ್ಲೇ ಹೆಚ್ಚುತ್ತದೆ.

3. ಕೆಲವು ಜಾತಿಗಳು ದಂಡೆಯಲ್ಲಿ ಆಳವಾದ ಬಿಲ ತೋಡುತ್ತವೆ. ಬೇಸಿಗೆಯಲ್ಲಿ ಹಳ್ಳ ಬತ್ತಿದರೂ ಬಿಲದ ತಳದ ಹಸಿಯಲ್ಲಿ ಜೀವ ಹಿಡಿದು ಕೂತಿರುತ್ತವೆ. "ನಮ್ಮ ಹಳ್ಳ ಏಪ್ರಿಲ್‌ದಾಗ ಒಣಗ್ತದ, ಸಾಯ್ತಾವ ಬಿಡ್ರಿ" ಎಂದು ನಂಬಿ ಕೂರುವಂತಿಲ್ಲ.

4. ಮಳೆ ಬಂದ ರಾತ್ರಿ ನೀರು ಬಿಟ್ಟು ನೆಲದ ಮೇಲೆ ನಡೆದು ಇನ್ನೊಂದು ಹೊಂಡಕ್ಕೆ ಹೋಗಬಲ್ಲವು.

ಬೇರೆ ದೇಶಗಳು ಕಲಿತ ಪಾಠ

ಜಪಾನಿನಲ್ಲಿ 1927ರಲ್ಲಿ ದೊಡ್ಡ ಕಪ್ಪೆಗಳಿಗೆ ಮೇವಾಗಲೆಂದು ಅಮೆರಿಕಾದಿಂದ ಕೆಂಪು ಕ್ರೇಫಿಶ್ ತಂದರು. ಹಡಗಿನ ದಾರಿಯಲ್ಲಿ ಸತ್ತು ಉಳಿದವು ಸುಮಾರು 20. ಆ ಇಪ್ಪತ್ತರ ಸಂತಾನ ದೇಶದ ತುಂಬ ಹಬ್ಬಿತು. ಕೊನೆಗೆ 2023ರ ಜೂನ್‌ನಲ್ಲಿ ಜಪಾನ್ ಅದನ್ನು ಮಾರುವುದನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿತು. ಮನೆಯಲ್ಲಿ ಸಾಕಿದವರು ಸಾಕಿಕೊಳ್ಳಬಹುದು, ಬಿಡುವಂತಿಲ್ಲ.

ಕೀನ್ಯಾ ದೇಶದ ನೈವಾಶಾ ಸರೋವರಕ್ಕೆ 1970ರಲ್ಲಿ, ಮಾರಿ ದುಡ್ಡು ಮಾಡೋಣವೆಂದು ಬಿಟ್ಟರು. ಮುಂದಿನ ವರ್ಷಗಳಲ್ಲಿ ಸರೋವರದ ನೀರುಗಿಡಗಳು ಕರಗಿಹೋದವು. ಬಲೆಗೆ ಬಿದ್ದ ಮೀನನ್ನು ಬಲೆಯಲ್ಲೇ ಕಡಿದು ಹಾಳು ಮಾಡಿದವು.

ಸ್ಪೇನ್ ದೇಶಕ್ಕೆ 1973-74ರಲ್ಲಿ ತಂದರು. ಭತ್ತದ ಗದ್ದೆಯ ಬದು, ಕಾಲುವೆಗಳನ್ನು ಕೊರೆದು ನೀರು ಸೋರುವಂತೆ ಮಾಡಿದವು.

ಇನ್ನೊಂದು ದುಃಖದ ಕಥೆ ರೋಗದ್ದು. ಅಮೆರಿಕಾದ ಕ್ರೇಫಿಶ್‌ಗಳ ಮೈಯಲ್ಲಿ ಬೂಸ್ಟಿನಂಥ ಒಂದು ರೋಗಾಣು ಇರುತ್ತದೆ. ಅವಕ್ಕೆ ಅದರಿಂದ ಹೆಚ್ಚು ತೊಂದರೆ ಇಲ್ಲ. 1859ರಲ್ಲಿ ಇಟಲಿಯಲ್ಲಿ ಆ ರೋಗ ಕಾಣಿಸಿತು. ಅಲ್ಲಿಂದ ಯುರೋಪಿನ ಹೊಳೆ ಹೊಳೆಗೆ ಹರಡಿ ಅಲ್ಲಿಯ ಮೂಲ ಕ್ರೇಫಿಶ್‌ಗಳು ರಾಶಿ ರಾಶಿ ಸತ್ತವು. 2016ರಲ್ಲಿ ಯುರೋಪಿನ ಒಕ್ಕೂಟ ಅಪಾಯಕಾರಿ ಪರದೇಶಿ ಜೀವಿಗಳ ಮೊದಲ ಪಟ್ಟಿ ಮಾಡಿದಾಗ ಅದರಲ್ಲಿ ಕ್ರೇಫಿಶ್‌ಗಳೇ ಐದು. 'ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆ ಇದಕ್ಕೇ ಹೇಳಿದಂತಿದೆ.

ನಮ್ಮ ನೀರಿನಲ್ಲಿ ಆಗಲೇ ಆದದ್ದು

ಅವೆಲ್ಲ ದೂರದ ಮಾತು ಅನ್ನಬೇಡಿ. ಕ್ರೇಫಿಶ್ ಅಲ್ಲದಿದ್ದರೂ ಅದರ ಅಣ್ಣತಮ್ಮಂದಿರಂಥ ದಾಳಿಕೋರರು ನಮ್ಮ ನಾಡಿಗೆ ಬಂದಾಗಿದೆ.

ತಿಲಾಪಿಯಾ ಎಂಬ ಆಫ್ರಿಕಾದ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಕರ್ನಾಟಕದ ಎಷ್ಟೋ ಕಡೆ ಇದನ್ನೇ ಜಿಲೇಬಿ ಮೀನು ಅನ್ನುತ್ತಾರೆ. ತಾಯಿ ಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಯುವುದರಿಂದ ಬೇಗ ಹೆಚ್ಚುತ್ತದೆ. ಕೆರೆ ತುಂಬ ಸಣ್ಣ ಸಣ್ಣ ಜಿಲೇಬಿಯೇ ಆಗಿ, ಕಟ್ಲಾ, ರೋಹುಗಳಿಗೆ ಮೇವು ಸಾಲದಂತಾಗುತ್ತದೆ.

ಆಫ್ರಿಕಾದ ಕ್ಯಾಟ್‌ಫಿಶ್ ಇನ್ನೂ ಜೋರು. ನೀರು ಕೆಟ್ಟರೂ ಗಾಳಿ ಕುಡಿದು ಬದುಕುತ್ತದೆ, ಮಳೆಯಲ್ಲಿ ನೆಲದ ಮೇಲೆ ತೆವಳುತ್ತದೆ, ಇತರ ಮೀನುಗಳನ್ನು ನುಂಗುತ್ತದೆ. 2000ದಲ್ಲೇ ಕೇಂದ್ರ ಸರ್ಕಾರ ಇದರ ಸಾಕಣೆ ನಿಷೇಧಿಸಿತು. ಆದರೂ ಕರ್ನಾಟಕದಲ್ಲಿ ಕದ್ದು ಸಾಕುವವರು ಇದ್ದಾರೆ. ಹೊಂಡ ಉಕ್ಕಿದರೆ ಮೀನು ಹಳ್ಳಕ್ಕೆ.

ಮೀನಿನ ತೊಟ್ಟಿಯ ಗಾಜು ನೆಕ್ಕಿ ಶುಚಿ ಮಾಡುತ್ತದೆಂದು ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕಾದ್ದು. ಮೈತುಂಬ ಮುಳ್ಳಿನ ಕವಚ. ದೊಡ್ಡದಾದಾಗ ಬೇಸತ್ತು ಕೆರೆಗೆ ಬಿಡುತ್ತಾರೆ. ಈಗ ನೆರೆಯ ತೆಲಂಗಾಣ, ಆಂಧ್ರದ ಮೀನುಗಾರರ ಬಲೆಗೆ ಬಿದ್ದು ಬಲೆ ಹರಿಯುತ್ತಿದೆ. ಕೇರಳದಲ್ಲಿ 2018ರ ನೆರೆ ಬಂದಾಗ ತೊಟ್ಟಿ, ಹೊಂಡಗಳಿಂದ ತಪ್ಪಿಸಿಕೊಂಡ ದಕ್ಷಿಣ ಅಮೆರಿಕಾದ ದೈತ್ಯ ಮೀನುಗಳು ಹೊಳೆಗಳಲ್ಲಿ ಸಿಕ್ಕವು.

ನೆರೆ ನಮಗೂ ಹೊಸದಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಉಕ್ಕಿ ಹರಿದದ್ದನ್ನು ಮನೆಯ ಹಿರಿಯರು ಹೇಳುತ್ತಾರೆ. ನಕಾಶೆ ತೆಗೆದು ಬೆರಳಿಟ್ಟು ನೋಡಿರಿ: ಗಂಡೋರಿ ನಾಲಾದ ನೀರು ಬೆಣ್ಣೆತೊರಾಕ್ಕೆ, ಬೆಣ್ಣೆತೊರಾ ಕಾಗಿಣಾಕ್ಕೆ, ಕಾಗಿಣಾ ಭೀಮಾಕ್ಕೆ, ಭೀಮಾ ಕೃಷ್ಣಾಕ್ಕೆ. ಮಹಾಗಾಂವದ ಹಳ್ಳಕ್ಕೆ ಬಿಟ್ಟ ಒಂದು ಡಬ್ಬಿಯ ಪ್ರಾಣಿಗೆ ಕೃಷ್ಣೆಯವರೆಗೆ ದಾರಿ ತೆರೆದಿದೆ.

ಹಾಗೆ ಹಬ್ಬಿದರೆ ನಷ್ಟ ಯಾರಿಗೆ? ಬೆಳಕೋಟಾದ ಜಲಾಶಯದಲ್ಲಿ, ಸುತ್ತಲಿನ ಕೆರೆಗಳಲ್ಲಿ ಬಲೆ ಬೀಸಿ ಹೊಟ್ಟೆ ಹೊರೆಯುವವರಿಗೆ. ಮಣ್ಣಿನ ಏರಿ, ಕಾಲುವೆ ದಂಡೆ ನಂಬಿ ಬೆಳೆ ಇಟ್ಟ ರೈತರಿಗೆ. ಬದುವಿನ ಬಿಲದಲ್ಲಿರುವ ನಮ್ಮ ಏಡಿಗೆ, ಹಳ್ಳದ ಕಪ್ಪೆಗೆ. ಇವರ್ಯಾರೂ ಆ ಪ್ರಾಣಿಯನ್ನು ಅಂಗಡಿಯಿಂದ ತಂದವರಲ್ಲ.

ನಾವೇನು ಮಾಡಬೇಕು?

1. ಸಾಕಿದ ಮೀನು, ಆಮೆ, ಕ್ರೇಫಿಶ್ ಯಾವುದನ್ನೂ ಹಳ್ಳ, ಕೆರೆ, ಬಾವಿ, ಚರಂಡಿಗೆ ಬಿಡಬಾರದು. ಬೇಡವಾದರೆ ಕೊಂಡ ಅಂಗಡಿಗೇ ಮರಳಿ ಕೊಡಬೇಕು, ಇಲ್ಲವೇ ಸಾಯುವ ತನಕ ಮುಚ್ಚಳವಿರುವ ತೊಟ್ಟಿಯಲ್ಲಿ ಸಾಕಬೇಕು.

2. ತೊಟ್ಟಿಯ ನೀರನ್ನು ಚರಂಡಿಗೆ ಚೆಲ್ಲದೆ, ಹಳ್ಳದಿಂದ ದೂರ ಒಣ ನೆಲಕ್ಕೆ ಚೆಲ್ಲಬೇಕು. ತತ್ತಿ, ಮರಿ, ರೋಗಾಣು ನೀರಿನ ಜೊತೆ ಹೋಗಬಹುದು.

3. ಹೊರಗೆ ಎಲ್ಲಾದರೂ ಅನುಮಾನದ ಪ್ರಾಣಿ ಕಂಡರೆ ನೀವೇ ಹಿಡಿಯಲು ಹೋಗಬೇಡಿ. ಕೊಂಡಿ ಕಚ್ಚಿದರೆ ರಕ್ತ ಬರುತ್ತದೆ, ನೀರಿನ ದಂಡೆಯೂ ಜಾರುತ್ತದೆ. ದೊಡ್ಡವರಿಂದ ಫೋಟೋ ತೆಗೆಸಿ, ಜಾಗ, ದಿನ ಬರೆದಿಟ್ಟು ನನಗೆ ತಿಳಿಸಿರಿ. ಮೀನುಗಾರಿಕೆ ಇಲಾಖೆಗೂ, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸೋಣ. 2002ರ ಜೀವವೈವಿಧ್ಯ ಕಾಯಿದೆಯಂತೆ ಇಂಥ ಸಮಿತಿ ಇರಬೇಕು. 2022ರಲ್ಲಿ ತಿದ್ದಿದ ವನ್ಯಜೀವಿ ಕಾಯಿದೆಯಲ್ಲಿ ದಾಳಿಕೋರ ಪರದೇಶಿ ಜೀವಿಗಳ ವ್ಯಾಪಾರವನ್ನು ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ.

4. ಇದನ್ನು ಓದಿ ಹೋಗಿ ನಮ್ಮ ಏಡಿಗಳನ್ನು ಕಲ್ಲಿನಿಂದ ಜಜ್ಜಬೇಡಿ! ಗುರುತು ಕಲಿಯುವುದು ನಮ್ಮವನ್ನು ಉಳಿಸಲಿಕ್ಕೆ.

ಡಬ್ಬಿಯ ಪ್ರಾಣಿಯ ಮುಂದಿನ ಕಥೆ

ಅದು ಈಗ ನಮ್ಮ ವಿಜ್ಞಾನ ಕೋಣೆಯಲ್ಲಿ, ಅಗಲವಾದ ಟಬ್ಬಿನಲ್ಲಿದೆ. ಮೇಲೆ ಜಾಳಿಗೆ ಕಟ್ಟಿ ಕಲ್ಲು ಹೇರಿದ್ದೇವೆ. ಹೋದ ಸೋಮವಾರ ಬಾಗಿಲು ತೆರೆದ ಹುಡುಗರು "ಸರ್, ಒಂದಿದ್ದದ್ದು ಎರಡಾಗ್ಯಾವ!" ಎಂದು ಓಡಿ ಬಂದರು. ನನಗೂ ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಒಂದು ಬರೀ ಪೊರೆ. ಹಾವಿನಂತೆ ಇದೂ ಚಿಪ್ಪು ಕಳಚಿ ಬೆಳೆಯುತ್ತದೆ. ಕೊಂಡಿ, ಮೀಸೆ, ಕಣ್ಣಿನ ಮುಚ್ಚಳ ಸಮೇತ ಇಡೀ ಅಂಗಿ ಬಿಚ್ಚಿಟ್ಟಿತ್ತು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈ ಮೆತ್ತಗಿರುತ್ತದೆ, ಅದಕ್ಕೇ ಹಂಚಿನ ಚೂರಿನ ಕೆಳಗೆ ಅಡಗಿ ಕೂತಿತ್ತು. ಹಳೇ ಚಿಪ್ಪನ್ನು ತಾನೇ ಅಷ್ಟಷ್ಟು ತಿಂದು ಮುಗಿಸಿತು.

ತಂದ ಹುಡುಗ ದಿನವೂ ಅದಕ್ಕೆ ಮೇವು ಹಾಕುತ್ತಾನೆ. ಮೊನ್ನೆ ಕೇಳಿದ: "ಸರ್, ಇದರದೇನು ತಪ್ಪದರಿ?"

"ಏನೂ ಇಲ್ಲಪಾ," ಎಂದೆ. "ಅದು ತನ್ನ ಊರಾಗ ಇದ್ದಿದ್ರ ಯಾರಿಗೂ ತೊಂದರೆ ಇದ್ದಿಲ್ಲ. ತಂದವರು ನಾವು, ಸಾಯೋ ತನಕ ನೋಡಿಕೊಳ್ಳೋದೂ ನಮ್ಮದೇ."

ಮರುದಿನ ಅವನ ಆಯಿ ಸ್ವತಃ ಶಾಲೆಗೆ ಬಂದು ಟಬ್ಬಿನಲ್ಲಿ ಇಣುಕಿ ನೋಡಿದಳು. "ಅಂದ್ರ ಇಲ್ಲೇ ಇಟ್ಕೊಂಡು ಸಾಕೋದೇ ಪುಣ್ಯ ಅನ್ರಿ" ಎಂದಳು. ನಾನು ಅರ್ಧ ಗಂಟೆ ಹೇಳಿದ್ದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು.

ಹೇಳಿ ನೋಡೋಣ

1. ಕ್ರೇಫಿಶ್‌ಗೆ ಕೊಂಡಿಯುಳ್ಳ ಕಾಲು ಎಷ್ಟು ಜೊತೆ?
2. ಗಂಡೇ ಇಲ್ಲದ ಕ್ರೇಫಿಶ್ ಯಾವುದು?
3. ಸ್ಕಾಂಪಿ ನಮ್ಮ ಕೆರೆಯಲ್ಲಿ ತಾನಾಗಿ ಹೆಚ್ಚುವುದಿಲ್ಲ, ಯಾಕೆ?
4. ಗಂಡೋರಿ ನಾಲಾದಿಂದ ಕೃಷ್ಣೆಯವರೆಗಿನ ನೀರಿನ ದಾರಿ ಬರೆಯಿರಿ.

ಉತ್ತರಗಳು ಮೇಲಿನ ಪಾಠದಲ್ಲೇ ಇವೆ. ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದು ತಂದು ತೋರಿಸಿರಿ. ಟಬ್ಬಿನ ಪ್ರಾಣಿಯನ್ನು ನೋಡಬೇಕೆನ್ನುವವರು ಊಟದ ಬಿಡುವಿನಲ್ಲಿ ಬರಬಹುದು. ಬೆರಳು ಮಾತ್ರ ಹಾಕಬೇಡಿ!